ಮೌಸ್ ಹೊಟ್ಟೆಯಲ್ಲೊಂದು ಎಳೆ

ಬಾಣ ಮತ್ತೆ ಜಾರಿತು. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳು. ಒಂದೊಂದು ಚೌಕವೂ ಸೀರೆಯಲ್ಲಿ ಹಾಸಿನ ಒಂದು ಎಳೆಯನ್ನು ಹೊಕ್ಕಿನ ಒಂದು ಎಳೆ ದಾಟುವ ಜಾಗ. ಮಾವಿನಕಾಯಿ ಬುಟ್ಟಾದ ಬಾಗಿದ ತುದಿಗೆ ಇನ್ನು ಆರೇಳು ಚುಕ್ಕಿ ಇಟ್ಟರೆ ಮುಗಿಯಿತು. ಹುಡುಗಿ ಉಸಿರು ಬಿಗಿಹಿಡಿದು ಗುಂಡಿ ಒತ್ತುತ್ತಾಳೆ. ಅಷ್ಟರಲ್ಲಿ ಬಾಣ ಬಲಕ್ಕೆ ಎರಡು ಮನೆ ಹಾರಿ, ಚುಕ್ಕಿ ಬೀಳಬಾರದ ಕಡೆ ಬೀಳುತ್ತದೆ.

"ನೋಡಣ್ಣ, ಹಿಂಗೇ ಮಾಡ್ತದ. ನಾನು ಕೈನೇ ಅಲ್ಲಾಡ್ಸಿಲ್ಲ, ಅದರ ಪಾಡಿಗೆ ಅದು ಹೋಯ್ತದ."

ನೀವು ನಿಂತಿರುವುದು ಕೊಳ್ಳೇಗಾಲದ ದೇವಾಂಗ ಪೇಟೆಯ ಒಂದು ಮನೆಯ ನಡುಮನೆಯಲ್ಲಿ. ಒಳಗಿನ ಕೋಣೆಯಿಂದ ಮಗ್ಗದ ಸದ್ದು ಬರುತ್ತಿದೆ. ಈಚೆ ಅಜ್ಜಿ ರಾಟೆಯ ಮುಂದೆ ಕೂತು ರೇಷ್ಮೆ ನೂಲು ಸುತ್ತುತ್ತಿದ್ದಾರೆ. ಅವರ ಸೀರೆಯ ಮಡಿಲ ಮೇಲೆ, ನೆಲದ ಮೇಲೆ, ಕಂಪ್ಯೂಟರ್ ಇಟ್ಟ ಮೇಜಿನ ಕಾಲಿಗೆ ಕಣ್ಣಿಗೆ ಕಂಡೂ ಕಾಣದ ಎಳೆಗಳು ಅಂಟಿಕೊಂಡಿವೆ. ಮೂಲೆಯ ಮೊಳೆಗೆ ಹಳೆಯ ಜಕಾರ್ಡ್ ಕಾರ್ಡುಗಳ ಕಟ್ಟು ತೂಗುಹಾಕಿದೆ. ಮೇಲೆ ಫ್ಯಾನ್ ನಿಧಾನಕ್ಕೆ ತಿರುಗುತ್ತಿದೆ.

ರಿಪೇರಿ ಮಾಡುವ ಅಣ್ಣ ಇನ್ನೂ ಮೌಸ್ ಮುಟ್ಟಿಲ್ಲ. ಹೆಗಲಿನ ಬ್ಯಾಗು ಕೆಳಗಿಟ್ಟು, ಕೈಕಟ್ಟಿ ನಿಂತು ಪರದೆಯನ್ನೇ ನೋಡುತ್ತಿದ್ದಾನೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನದೊಂದು ಸಣ್ಣ ಅಂಗಡಿ ಇದೆ. ಆದರೆ ಅರ್ಧ ದಿನ ಬೈಕಿನ ಮೇಲೆಯೇ. ಕೊಳ್ಳೇಗಾಲ, ಯಳಂದೂರು, ಹನೂರು ಮೂರೂ ತಾಲ್ಲೂಕಿನ ಅಂಗಡಿ, ಸ್ಟುಡಿಯೋ, ನೇಯ್ಗೆಯವರ ಮನೆಗಳಿಂದ ಕರೆ ಬರುತ್ತದೆ. ಕಾಯಿಲೆ ನೋಡುವ ಮೊದಲು ಕಾಯಿಲೆಯವರ ಮಾತು ಕೇಳುವ ಅಭ್ಯಾಸ ಅವನದು. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ವಿದ್ಯೆ ಇಲ್ಲ ಎಂದೇ ನನಗೆ ಅನ್ನಿಸುತ್ತದೆ.

"ಯಾವಾಗಿಂದ ಕೂಸು?"

"ನಾಕು ದಿನ ಆಯ್ತು. ರೀಸ್ಟಾರ್ಟ್ ಮಾಡ್ದಿ. ಸ್ಪೀಡು ಕಮ್ಮಿ ಮಾಡ್ದಿ. ಬ್ಯಾರೆ ಯುಎಸ್‌ಬಿ ತೂತಿಗೂ ಹಾಕಿ ನೋಡ್ದಿ. ಒಂದೊಂದು ಸಲ ಸರಿಯಾಯ್ತದ, ಮತ್ತ ಸುರುವಾಯ್ತದ."

"ಸರಿಯಾಗೋದು ಯಾವ ಹೊತ್ತಲ್ಲಿ?"

ಹುಡುಗಿ ಯೋಚಿಸುತ್ತಾಳೆ. ಅಜ್ಜಿ ರಾಟೆ ನಿಲ್ಲಿಸದೆಯೇ ಉತ್ತರ ಕೊಡುತ್ತಾರೆ: "ಕರೆಂಟು ಹೋದಾಗ ಸರಿಯಾಗಿರ್ತದ ಕನಪ್ಪ. ಬ್ಯಾಟರಿ ಮ್ಯಾಲ ನಡೀತದಲ್ಲ, ಆಗ."

ಅಣ್ಣ ತಲೆ ಎತ್ತಿ ಫ್ಯಾನ್ ನೋಡುತ್ತಾನೆ. ಯುಪಿಎಸ್ ಇರುವುದು ಕಂಪ್ಯೂಟರಿಗೆ ಮಾತ್ರ, ಫ್ಯಾನಿಗಲ್ಲ.

"ಮೌಸಿಂದ ಕೈ ತಗಿ ಕೂಸು. ಮೇಜು ಮುಟ್ಟಬ್ಯಾಡ."

ಈಗ ನೀವೂ ಬಗ್ಗಿ ನೋಡಿ. ಮೌಸ್ ಒಂಟಿಯಾಗಿ ಕೂತಿದೆ, ಅದರ ಅಂಚಿನಿಂದ ಕೆಂಪು ಬೆಳಕು ತೆಳ್ಳಗೆ ಸೋರುತ್ತಿದೆ. ಯಾರ ಕೈಯೂ ತಾಗಿಲ್ಲ. ಆದರೂ ಪರದೆಯ ಮೇಲೆ ಬಾಣ ಒಂದು ಚೌಕ ಬಲಕ್ಕೆ, ಅರ್ಧ ಚೌಕ ಮೇಲಕ್ಕೆ, ಮತ್ತೆ ಬಲಕ್ಕೆ ಸಣ್ಣಗೆ ನಡುಗುತ್ತಾ ಸರಿಯುತ್ತಿದೆ.

"ಫ್ಯಾನ್ ಆರ್ಸು."

ರೆಕ್ಕೆಗಳು ನಿಧಾನವಾಗಿ ನಿಲ್ಲುತ್ತವೆ. ಬಾಣವೂ ನಿಲ್ಲುತ್ತದೆ. ಹಾಕಿದರೆ ಸ್ವಲ್ಪ ಹೊತ್ತಿಗೆ ಮತ್ತೆ ನಡುಕ. ಆರಿಸಿದರೆ ಮತ್ತೆ ನಿಶ್ಚಲ. ಒಳಗಿನ ಮಗ್ಗದ ಸದ್ದು ನಿಂತು ಹುಡುಗಿಯ ಅಪ್ಪ ಬಾಗಿಲಿಗೆ ಬಂದು ನಿಂತಿದ್ದಾರೆ. "ಫ್ಯಾನಿಗೂ ಮೌಸಿಗೂ ಏನಪ್ಪಾ ಸಂಬಂಧ?"

ಅಣ್ಣ ವೈರು ಕಿತ್ತು ಮೌಸನ್ನು ಬೋರಲು ಹಾಕುತ್ತಾನೆ. ಕಿಟಕಿಯ ಬೆಳಕಿಗೆ ಹಿಡಿದಾಗ ನಿಮಗೆ ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ವಾಲಿಸಿದಾಗ ಮಿಂಚುತ್ತದೆ. ಹೊಟ್ಟೆಯ ನಡುವಿನ ಸಣ್ಣ ಕಿಂಡಿಯ ಅಂಚಿಗೆ ಸಿಕ್ಕಿಕೊಂಡ ಒಂದು ರೇಷ್ಮೆ ಎಳೆ. ಒಂದು ತುದಿ ಕಿಂಡಿಯ ಒಳಕ್ಕೆ ಇಳಿದಿದೆ, ಇನ್ನೊಂದು ತುದಿ ಹೊರಗೆ ಬೆರಳುದ್ದ ಜೋತು ಬಿದ್ದು ಗಾಳಿಗೆ ಆಡುತ್ತಿದೆ.

ಆ ಕಿಂಡಿಯ ಒಳಗೆ ಒಂದು ಕಣ್ಣಿದೆ. ನಿಜವಾಗಿ ಅದೊಂದು ಪುಟ್ಟ ಕ್ಯಾಮೆರಾ. ಕೆಂಪು ಎಲ್‌ಇಡಿಯ ಬೆಳಕು ಮೇಜಿನ ಮೇಲ್ಮೈಗೆ ಓರೆಯಾಗಿ ಬೀಳುತ್ತದೆ. ಓರೆ ಬೆಳಕಿನಲ್ಲಿ ಕಾಗದದ ನಾರು, ಮರದ ಗೆರೆ, ರಟ್ಟಿನ ಒರಟು ಎಲ್ಲಕ್ಕೂ ನೆರಳು ಹುಟ್ಟುತ್ತದೆ. ಆ ನೆರಳುಗಳ ಚಿತ್ರವನ್ನು ಕ್ಯಾಮೆರಾ ಹಿಡಿಯುತ್ತದೆ. ಹಳೆಯ ಚಿಪ್‌ಗಳಲ್ಲಿ ಈ ಚಿತ್ರ ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ಚುಕ್ಕಿಗಳದು ಮಾತ್ರ. ಅದು ನೋಡುವ ಜಾಗ ಸುಮಾರು ಒಂದು ಮಿಲಿಮೀಟರ್ ಚೌಕ. ಆದರೆ ಒಂದು ಸೆಕೆಂಡಿನಲ್ಲಿ ಅಂಥ ಸಾವಿರದೈನೂರಕ್ಕೂ ಹೆಚ್ಚು ಚಿತ್ರ ತೆಗೆಯುತ್ತದೆ. ಹಿಂದಿನ ಚಿತ್ರವನ್ನೂ ಈಗಿನ ಚಿತ್ರವನ್ನೂ ಹೊಂದಿಸಿ ನೋಡಿ, ಗುರುತುಗಳು ಎತ್ತ ಎಷ್ಟು ಸರಿದವು ಎಂದು ಲೆಕ್ಕ ಹಾಕುತ್ತದೆ. ಬಸ್ಸಿನ ಕಿಟಕಿಯಲ್ಲಿ ಕೂತವನಿಗೆ ಮರಗಳು ಹಿಂದಕ್ಕೆ ಹೋದದ್ದರಿಂದ ಬಸ್ಸು ಮುಂದಕ್ಕೆ ಹೋದದ್ದು ತಿಳಿಯುತ್ತದಲ್ಲ, ಹಾಗೆ. ಈಗ ಕಿಟಕಿಯ ಗಾಜಿಗೇ ಏನೋ ಅಂಟಿಕೊಂಡು ಆಡುತ್ತಿದ್ದರೆ? ಮೌಸ್ ಸರಿಸಿದಾಗ ಎಳೆಯೂ ಜೊತೆಗೇ ಬರುತ್ತದೆ, ಆದ್ದರಿಂದ ಕಣ್ಣಿನ ಅರ್ಧ ಭಾಗಕ್ಕೆ 'ಏನೂ ಸರಿಯಲಿಲ್ಲ' ಎಂದು ಕಾಣುತ್ತದೆ. ಮೌಸ್ ಸುಮ್ಮನಿದ್ದಾಗ ಗಾಳಿಗೆ ಎಳೆ ಆಡಿದರೆ 'ಸರಿಯಿತು' ಎಂದು ಕಾಣುತ್ತದೆ. ಕಂಡದ್ದನ್ನು ಅದು ಹಾಗೆಯೇ ಹೇಳುತ್ತಿದೆ. ಅದರಲ್ಲಿ ಸುಳ್ಳಿಲ್ಲ, ಹುಚ್ಚೂ ಇಲ್ಲ.

ಬಾಗಿಲಲ್ಲಿ ನಿಂತ ಅಪ್ಪನಿಗೆ ಇದು ಹೇಳಿದ ಕೂಡಲೇ ಅರ್ಥವಾಗುತ್ತದೆ. ಗೂಡಿನಿಂದ ಬಿಚ್ಚಿದ ಒಂಟಿ ಎಳೆಯ ದಪ್ಪ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು. ನಮ್ಮ ತಲೆಗೂದಲಿಗಿಂತ ತುಂಬಾ ತೆಳುವು. ಅಂಥ ಹಲವು ಎಳೆ ಕೂಡಿಸಿ ನೂಲು ತೆಗೆಯುತ್ತಾರೆ, ಆ ನೂಲಿಗೆ ಹುರಿ ಹಾಕುತ್ತಾರೆ. ಸುತ್ತುವಾಗ ತುಂಡಾದ ಚೂರುಗಳು ಮನೆಯೆಲ್ಲ ಹಾರಾಡುತ್ತವೆ. ನೇಯುವವರ ಕಣ್ಣು ಅವನ್ನು ಲೆಕ್ಕಕ್ಕೆ ಇಡುವುದಿಲ್ಲ. ಮೌಸಿನ ಕಣ್ಣಿಗೆ ಅದೇ ಒಂದು ಕಂಬ.

ಎಳೆಯನ್ನು ಹೊರಗಿನಿಂದ ಎಳೆದರೆ ತುಂಡಾಗಿ ಉಳಿದರ್ಧ ಒಳಗೇ ಸೇರುತ್ತದೆ, ಆದ್ದರಿಂದ ಅಣ್ಣ ಬಿಚ್ಚುತ್ತಾನೆ. ಸ್ಕ್ರೂ ಹೊರಗೆ ಕಾಣುವುದಿಲ್ಲ. ಮೌಸಿನ ಅಡಿಗೆ ಅಂಟಿಸಿದ ನುಣುಪು ಪಟ್ಟಿಯ ಕೆಳಗಿರುತ್ತದೆ. ಪಟ್ಟಿಯನ್ನು ಬ್ಲೇಡಿನ ತುದಿಯಿಂದ ಒಂದು ಬದಿ ಮಾತ್ರ ಎಬ್ಬಿಸಬೇಕು. ಪೂರ್ತಿ ಕಿತ್ತರೆ ಅಂಟು ಹೋಗುತ್ತದೆ, ಮೌಸ್ ಒಂದು ಕಡೆ ತಗ್ಗಿ ಕಣ್ಣಿಗೂ ಮೇಜಿಗೂ ಇರಬೇಕಾದ ಅಂತರ ಕೆಡುತ್ತದೆ. ಸಣ್ಣ ಸ್ಕ್ರೂಡ್ರೈವರ್ ತಿರುಗುತ್ತದೆ. ಮೇಲಿನ ಚಿಪ್ಪು ಟಕ್ಕೆಂದು ಬಿಡುತ್ತದೆ.

ಒಳಗೆ ನೋಡುವುದಕ್ಕೆ ಎಷ್ಟು ಕಡಿಮೆ ಸಾಮಾನು! ಅಂಗೈ ಅಗಲದ ಹಸಿರು ಬೋರ್ಡು. ಎರಡು ಗುಂಡಿಗಳ ಕೆಳಗೆ ಎರಡು ಪುಟ್ಟ ಸ್ವಿಚ್ಚು. ನಡುವೆ ಚಕ್ರ. ಚಕ್ರದ ಅಚ್ಚಿಗೆ ರೇಷ್ಮೆ ಸುತ್ತಿಕೊಂಡು ಸಣ್ಣ ಉಂಡೆಯಾಗಿದೆ, ಅದನ್ನು ಚಿಮುಟದಲ್ಲಿ ಬಿಡಿಸುತ್ತಾ ಅಣ್ಣ, "ಉರುಳೆ ತಿರುಗ್ಸಿದ್ರ ಹಿಂದುಮುಂದಾಗ್ತಿತ್ತಾ?" ಎಂದು ಕೇಳುತ್ತಾನೆ. ಹೌದು ಎಂದು ಹುಡುಗಿ ತಲೆಯಾಡಿಸುತ್ತಾಳೆ, ಅದೊಂದು ತೊಂದರೆ ಎಂದು ಅವಳಿಗೆ ಇಲ್ಲಿಯವರೆಗೆ ತೋಚಿರಲಿಲ್ಲ. ಬೋರ್ಡು ಎತ್ತಿದರೆ ಕೆಳಗೆ ಗಾಜಿನಂತೆ ತಿಳಿಯಾದ ಒಂದು ಪ್ಲಾಸ್ಟಿಕ್ ತುಂಡು. ಅದರ ಒಂದು ಭಾಗ ಬೆಳಕನ್ನು ಕೆಳಕ್ಕೆ ಬಾಗಿಸುತ್ತದೆ, ಇನ್ನೊಂದು ಭಾಗ ಚಿತ್ರವನ್ನು ಚಿಪ್‌ನ ಕಿಂಡಿಗೆ ಸೇರಿಸುತ್ತದೆ. ಎಳೆಯ ಉಳಿದ ತುದಿ ಸಿಕ್ಕಿಕೊಂಡಿರುವುದು ಈ ತುಂಡಿಗೂ ಅಡಿಯ ಚಿಪ್ಪಿಗೂ ನಡುವೆ. ಚಿಮುಟ ಅದನ್ನು ಹಿಡಿಯುತ್ತದೆ, ಒಂದೇ ಎಳೆತಕ್ಕೆ ಪೂರ್ತಿ ಬರುತ್ತದೆ.

ಊದಿ ಬಿಡೋಣ ಎಂದು ಹುಡುಗಿ ತುಟಿ ಮುಂದೆ ತರುತ್ತಾಳೆ. "ಬ್ಯಾಡ ಕೂಸು. ಬಾಯಿ ಗಾಳಿಲಿ ತ್ಯಾವ ಇರ್ತದ, ಮತ್ತ ದೂಳು ಅಂಟ್ಕತದ." ಬ್ಯಾಗಿನಿಂದ ರಬ್ಬರ್ ಬುರುಡೆ ತೆಗೆದು ಅದರಿಂದ ಗಾಳಿ ಹೊಡೆಯುತ್ತಾನೆ. ಇಯರ್ ಬಡ್‌ನ ತುದಿಗೆ ಒಂದು ಹನಿ ಸ್ಪಿರಿಟ್ ಹಾಕಿ ಪ್ಲಾಸ್ಟಿಕ್ ತುಂಡನ್ನು ಒರೆಸಿ, ಒಣಗುವವರೆಗೆ ಕಾಯುತ್ತಾನೆ. ಈ ಕಾಯುವುದರಲ್ಲಿ ಅವನಿಗೆ ಆತುರವೇ ಇಲ್ಲ.

ಮೂಲೆಯ ಕಾರ್ಡಿನ ಕಟ್ಟನ್ನು ನೀವು ಕೈಯಲ್ಲಿ ಹಿಡಿದು ನೋಡಬಹುದು. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಫ್ರಾನ್ಸಿನ ಜಕಾರ್ಡ್ ಈ ಮಗ್ಗವನ್ನು 1804ರಲ್ಲಿ ರೂಪಿಸಿದ. ತೂತಿನ ಕಾರ್ಡಿನಲ್ಲಿ ಲೆಕ್ಕ ಇಡುವ ಯಂತ್ರದಿಂದ ಅಮೆರಿಕದವರು 1890ರ ಜನಗಣತಿ ಮಾಡಿದರು. ಕಂಪ್ಯೂಟರಿನ ವಂಶವೃಕ್ಷದಲ್ಲಿ ಮಗ್ಗವೂ ಒಂದು ಬೇರು. ಈ ಮನೆಯಲ್ಲಿ ಮಗ್ಗಕ್ಕೆ ಕಂಪ್ಯೂಟರ್ ಬಂದದ್ದು ಹೊಸತೇ ಹೊರತು ಪರಕೀಯವಲ್ಲ. ಪರದೆಯಲ್ಲಿ ತುಂಬಿದ ಚೌಕದಿಂದಲೇ ಈಗ ಕಾರ್ಡಿಗೆ ತೂತು ಬೀಳುತ್ತದೆ. ಚೌಕ ಒಂದು ತಪ್ಪಿದರೆ ಕಾರ್ಡು ತಪ್ಪುತ್ತದೆ, ಕಾರ್ಡು ತಪ್ಪಿದರೆ ಸೀರೆಯ ಉದ್ದಕ್ಕೂ ಬುಟ್ಟಾಕ್ಕೊಂದರಂತೆ ಅದೇ ತಪ್ಪು ಬರುತ್ತದೆ. ಕೊಳ್ಳೇಗಾಲದ ಸೀರೆ ಎಂದು ಹೆಸರು ಹೇಳಿ ಮಾರುವ ಊರಲ್ಲಿ ಬಾಣ ಎರಡು ಮನೆ ಹಾರುವುದು ಸಣ್ಣ ವಿಷಯವಲ್ಲ.

ಮೌಸ್ ಜೋಡಿಸಿ ಆಯಿತು. ಆದರೆ ಅಣ್ಣ ಅದನ್ನು ಮೊದಲಿದ್ದ ಜಾಗದಲ್ಲಿ ಇಡುವುದಿಲ್ಲ. ಅಲ್ಲಿ ಹಾಸಿರುವುದು ಮಿಕ್ಕ ರೇಷ್ಮೆಯ ತುಂಡು. ಹುಡುಗಿ ಇಷ್ಟಪಟ್ಟು ಅಂಚು ಹೊಲಿದು ಮಾಡಿಕೊಂಡದ್ದು. ಅದರ ಹೊಳಪೇ ಮೌಸಿಗೆ ತೊಡಕು, ಬೆಳಕನ್ನು ಚದುರಿಸುವ ಬದಲು ಒಂದೇ ಕಡೆಗೆ ಹೊಡೆಯುತ್ತದೆ. ಜೊತೆಗೆ ಎಳೆಯನ್ನೂ ಬಿಡುತ್ತದೆ. "ಚೆಂದಾಗದ ಕೂಸು, ಅದನ್ನ ಗಣಪತಿ ಪಟದ ಮುಂದ ಹಾಸು. ಇದಕ್ಕ ನೋಟ್‌ಬುಕ್ಕಿನ ರಟ್ಟು ಸಾಕು." ರಟ್ಟು ಬರುತ್ತದೆ. ಫ್ಯಾನ್ ಹಾಕುತ್ತಾರೆ. ಬಾಣ ಇಟ್ಟಲ್ಲೇ ನಿಂತಿದೆ. ಹುಡುಗಿ ತಪ್ಪು ಚುಕ್ಕಿಗಳನ್ನು ಅಳಿಸಿ, ಬುಟ್ಟಾದ ತುದಿಯನ್ನು ಒಂದೊಂದಾಗಿ ತುಂಬಲು ಶುರುಮಾಡುತ್ತಾಳೆ. ಅಪ್ಪ ಒಳಗೆ ಹೋಗುತ್ತಾರೆ, ಮಗ್ಗ ಮತ್ತೆ ಹೊರಡುತ್ತದೆ.

ಅಣ್ಣನ ಫೋನು ಅಷ್ಟರಲ್ಲಿ ಬಡಿದುಕೊಳ್ಳುತ್ತದೆ. ಹನೂರಿನಿಂದ. ಅರ್ಜಿ ತುಂಬಿಕೊಡುವ ಅಂಗಡಿಯ ಅಕ್ಕ. "ಅಣ್ಣ, ಬೆಳಿಗ್ಗಿಂದ ಜನ ಕೂತವ್ರ. ಮೌಸು ಒಂದು ಕಡೆ ನಿಲ್ಲಲ್ಲ ಅಂತದ."

"ಮೇಜಿನ ಮ್ಯಾಲ ಏನದ?"

"ಗಾಜು. ಅದರ ಕೆಳಗ ಮಾದಪ್ಪನ ಫೋಟೋ ಹಾಕಿದಿನಿ."

"ಕ್ಯಾಲೆಂಡರ್ ಹಾಳೆ ಒಂದು ಹರ್ದು, ಬಣ್ಣದ ಕಡೆ ಕೆಳಗ ಮಾಡಿ ಹಾಸ್ಕೊ. ಯಳಂದೂರು ಮುಗಿಸ್ಕಂಡು ಬತ್ತಿನಿ."

ಗಾಜಿನಲ್ಲಿ ಹಿಡಿಯಲು ಗುರುತೇ ಇರುವುದಿಲ್ಲ. ಬೆಳಕು ಗಾಜನ್ನು ದಾಟಿ ಕೆಳಕ್ಕೆ ಹೋಗುತ್ತದೆ, ಅಲ್ಲಿನ ಚಿತ್ರ ಲೆನ್ಸಿಗೆ ದೂರವಾಗಿ ಮಸುಕಾಗುತ್ತದೆ. ಗುರುತು ಸಿಗದ ಕಣ್ಣು ಊಹೆಯಲ್ಲಿ ನಡೆಯುತ್ತದೆ, ಬಾಣ ನೆಗೆಯುತ್ತದೆ. ಸಾದಾ ಕಾಗದದಲ್ಲಿ ನಮ್ಮ ಕಣ್ಣಿಗೆ ಏನೂ ಇಲ್ಲದಂತೆ ಕಂಡರೂ ಓರೆ ಬೆಳಕಿನಲ್ಲಿ ಅದರ ನಾರು ಎದ್ದು ಕಾಣುತ್ತದೆ. ಕ್ಯಾಲೆಂಡರಿನ ಹಿಂಬದಿ ಅದಕ್ಕೇ ಒಳ್ಳೆಯದು.

ಬೈಕಿನ ಹಿಂದೆ ಕುಳಿತುಕೊಳ್ಳಿ. ಮಾಂಬಳ್ಳಿ, ಅಗರ ದಾಟಿ ಯಳಂದೂರಿನ ದಾರಿ. ಎರಡೂ ಕಡೆ ಗದ್ದೆ, ತೆಂಗು, ಮುಂದೆ ಬಿಳಿಗಿರಿರಂಗನ ಬೆಟ್ಟದ ಸಾಲು. ಊರೊಳಗೆ ಗೌರೀಶ್ವರ ದೇವಸ್ಥಾನದ ಬಳೆ ಮಂಟಪದ ಮುಂದೆ ಹಾದು ಹೋಗುವಾಗ ಒಂದು ಕ್ಷಣ ನಿಂತು ಕಲ್ಲಿನ ಬಳೆಗಳನ್ನು ನೋಡಬೇಕೆನಿಸುತ್ತದೆ. ಇವತ್ತು ಹೊತ್ತಿಲ್ಲ.

ಯಳಂದೂರಿನ ಅಂಗಡಿ ಲಗ್ನಪತ್ರಿಕೆ ಮಾಡುವುದು, ಜೊತೆಗೆ ಮದುವೆ ಫೋಟೋ ಆಲ್ಬಮ್ಮು. ಅಂಗಡಿಯವರು ನುಡಿ ತಂತ್ರಾಂಶದಲ್ಲಿ ಬೆರಳು ನೋಡದೆ ಟೈಪ್ ಮಾಡಬಲ್ಲವರು. ಆದರೆ ಅಕ್ಷರಗಳನ್ನು ಜೋಡಿಸಿ, ಎಳೆದು, ಹೂಬಳ್ಳಿಯ ನಡುವೆ ಕೂರಿಸಲು ಮೌಸ್ ಬೇಕೇ ಬೇಕು. ಮೌಸಿಗೆ ವೈರಿಲ್ಲ. ಬಾಣ ತಡವರಿಸುತ್ತದೆ, ನಿಲ್ಲುತ್ತದೆ, ಆಮೇಲೆ ಒಂದೇ ಸಲ ನೆಗೆದು ಇನ್ನೆಲ್ಲೋ ಕಾಣಿಸಿಕೊಳ್ಳುತ್ತದೆ. "ಇದು ಮೂರನೇದು ಸ್ವಾಮಿ," ಎಂದು ಅಂಗಡಿಯವರು ಡ್ರಾಯರ್ ಎಳೆದು ಹಳೆಯ ಎರಡನ್ನು ತೋರಿಸುತ್ತಾರೆ. "ಕೊಳ್ಳೇಗಾಲದಲ್ಲಿ ಒಂದು ತಗಂಡಿ, ಮೈಸೂರಲ್ಲಿ ಒಂದು ತಗಂಡಿ. ಎಲ್ಲಾ ಒಂದೇ ಜಾತಿ."

ಮೂರೂ ಒಂದೇ ರೀತಿ ಕೆಟ್ಟವು ಎಂದಾಗಲೇ ಅಣ್ಣನಿಗೆ ಮೌಸಿನ ಮೇಲಿದ್ದ ಅನುಮಾನ ಹೋಗುತ್ತದೆ. ಅವನು ಮೇಜಿನ ಕೆಳಗೆ ಬಗ್ಗಿ ಕಂಪ್ಯೂಟರಿನ ಹಿಂಬದಿ ನೋಡುತ್ತಾನೆ. ಮೌಸಿನ ಉಗುರಗಲದ ರಿಸೀವರ್ ಹಿಂದೆ ಸಿಕ್ಕಿಸಿದೆ. ಅದಕ್ಕೆ ಒತ್ತಿಕೊಂಡಂತೆ ಪಕ್ಕದ ನೀಲಿ ನಾಲಿಗೆಯ ತೂತಿಗೆ ಫೋಟೋ ತುಂಬಿದ ಹಾರ್ಡ್ ಡಿಸ್ಕಿನ ಕೇಬಲ್.

"ಫೋಟೋ ಕಾಪಿ ಆಗುವಾಗ ಜಾಸ್ತಿ ಅಲ್ವ ಸ್ವಾಮಿ?"

ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಲ್ಲಾ!" ಎನ್ನುತ್ತಾರೆ.

ನೀಲಿ ನಾಲಿಗೆ ಎಂದರೆ ಯುಎಸ್‌ಬಿ 3. ಅದರಲ್ಲಿ ಮಾಹಿತಿ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುತ್ತದೆ, ಹರಿಯುವಾಗ ಸುತ್ತಲಿನ ಗಾಳಿಗೆ ರೇಡಿಯೋ ಗದ್ದಲ ಬಿಡುತ್ತದೆ. ವೈರಿಲ್ಲದ ಮೌಸ್ ಮಾತಾಡುವುದು 2.4 ಗಿಗಾಹರ್ಟ್ಸ್ ಅಲೆಯಲ್ಲಿ. ಗದ್ದಲ ಬೀಳುವುದೂ ಅಲ್ಲಿಗೇ. ಇಂಟೆಲ್ ಕಂಪನಿಯವರೇ 2012ರಲ್ಲಿ ಇದನ್ನು ಅಳೆದು ಪ್ರಕಟಿಸಿದ್ದಾರೆ. ಮೌಸ್ ಕಳಿಸಿದ ಮಾತುಗಳಲ್ಲಿ ಕೆಲವು ರಿಸೀವರಿಗೆ ಕೇಳಿಸುವುದಿಲ್ಲ, ಮುಂದಿನದು ಕೇಳಿಸಿದಾಗ ಬಾಣ ನಡುವಿನ ದಾರಿ ಬಿಟ್ಟು ಹಾರುತ್ತದೆ. ಅಣ್ಣ ಒಂದು ಮೊಳದ ಎಕ್ಸ್‌ಟೆನ್ಷನ್ ಕೇಬಲ್ಲಿನ ತುದಿಗೆ ರಿಸೀವರ್ ಸಿಕ್ಕಿಸಿ ಕೀಬೋರ್ಡಿನ ಪಕ್ಕಕ್ಕೆ ತಂದಿಡುತ್ತಾನೆ. ಹಾರ್ಡ್ ಡಿಸ್ಕಿನಿಂದ ಫೋಟೋ ಹರಿಯಲು ಬಿಡುತ್ತಾನೆ. ಮೌಸ್ ಸರಾಗ. ಡ್ರಾಯರಿನ ಎರಡನ್ನೂ ಒಂದೊಂದಾಗಿ ಹಚ್ಚಿ ನೋಡಿದರೆ ಅವೂ ಸರಾಗ. ಮೂರು ಒಳ್ಳೆಯ ಮೌಸುಗಳು! ಏನೂ ಕೆಡದ ವಸ್ತುವನ್ನು ಕೆಟ್ಟಿತೆಂದು ಮೂಲೆಗೆ ಎಸೆಯುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದನ್ನು ಮಾಡಿದ ಕೈಗಳು, ಕೊಂಡವರ ದುಡ್ಡು ಎರಡೂ ಕಣ್ಣ ಮುಂದೆ ಬರುತ್ತವೆ.

ಚಹಾ ಅಲ್ಲೇ ಆಗುತ್ತದೆ. ಅಣ್ಣ ಲೋಟ ಹಿಡಿದು ಹಳೆಯದನ್ನು ನೆನೆಯುತ್ತಾನೆ. ಭೂಮಿ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬರತೊಡಗಿದ ಕಾಲ, 2000ರ ಆಸುಪಾಸು. ಆಗ ಎಲ್ಲ ಕಡೆ ಗುಂಡಿನ ಮೌಸು. ಅಡಿಯ ಬಿಲ್ಲೆ ತಿರುಗಿಸಿದರೆ ರಬ್ಬರ್ ಹೊದಿಸಿದ ಗುಂಡು ಅಂಗೈಗೆ ಬೀಳುತ್ತಿತ್ತು. ಒಳಗಿನ ಎರಡು ಉರುಳೆಗಳ ನಡುವಿನಲ್ಲಿ ದೂಳು ಮತ್ತು ಬೆವರು ಸೇರಿ ಕಪ್ಪು ಉಂಗುರ ಕಟ್ಟಿರುತ್ತಿತ್ತು. ಅದನ್ನು ಉಗುರಿನಿಂದ ಕೆರೆಯುವುದೇ ಅವನ ಮೊದಲ ರಿಪೇರಿ. "ಆಗ ಎಲ್ಲಾ ಕಣ್ಣಿಗೆ ಕಾಣೋದು. ಈಗ ಯೋಚ್ನ ಮಾಡ್ಬೇಕು."

ಮೊದಲ ಮೌಸು ಇನ್ನೂ ಸರಳ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಕಲ್ಪಿಸಿ, ಬಿಲ್ ಇಂಗ್ಲಿಷ್ 1964ರಲ್ಲಿ ಕಟ್ಟಿದ್ದು. ಮರದ ಡಬ್ಬಿ, ಅಡಿಯಲ್ಲಿ ಒಂದಕ್ಕೊಂದು ಅಡ್ಡವಾಗಿ ಎರಡು ಚಕ್ರ, ಮೇಲೆ ಒಂದೇ ಗುಂಡಿ. 1968ರ ಡಿಸೆಂಬರ್ 9ರಂದು ಮೌಸನ್ನು ಜಗತ್ತಿಗೆ ತೋರಿಸಿದರು. ಗುಂಡು ಹೋಗಿ ಕ್ಯಾಮೆರಾದ ಮೌಸು ಮನೆಮನೆಗೆ ಬರತೊಡಗಿದ್ದು 1999ರಿಂದ ಈಚೆಗೆ.

ಬಂದ ದಾರಿಯಲ್ಲೇ ಕೊಳ್ಳೇಗಾಲಕ್ಕೆ ಮರಳಿ, ಮಧುವನಹಳ್ಳಿ, ಕಾಮಗೆರೆ ಮೇಲೆ ಹನೂರು ತಲುಪುವ ಹೊತ್ತಿಗೆ ಬಿಸಿಲು ಇಳಿಮುಖ. ಗದ್ದೆಯ ಹಸಿರು ಹಿಂದೆ ಉಳಿದು ಕೆಂಪು ನೆಲ, ಕುರುಚಲು ಗುಡ್ಡ ಎದುರಾಗಿವೆ. ಅಂಗಡಿಯ ಮೆಟ್ಟಿಲ ಮೇಲೆ ಐದಾರು ಜನ. ಅವರಲ್ಲಿ ಮಿಣ್ಯಂ ಕಡೆಯಿಂದ ಬಂದ ಒಬ್ಬ ತಾಯಿ, ಪಕ್ಕದಲ್ಲಿ ಹಾಸ್ಟೆಲಿಗೆ ಸೇರಬೇಕಾದ ಮಗಳು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಇವತ್ತಿನ ಕೂಲಿ ಬಿಟ್ಟು ಬಂದಿದ್ದಾರೆ. ಊರಿಗೆ ಹೋಗುವ ಬಸ್ಸು ತಪ್ಪಿದರೆ ನಾಳೆಯ ಕೂಲಿಯೂ ಹೋಗುತ್ತದೆ.

ಒಳಗೆ ಅಕ್ಕ ಕ್ಯಾಲೆಂಡರಿನ ಹಾಳೆ ಹಾಸಿದ್ದಾರೆ. ನೆಗೆತ ನಿಂತಿದೆ, ಆದರೆ ನಡುಕ ಇದೆ. ಅರ್ಜಿಯಲ್ಲಿ ಹೋಬಳಿ ಆರಿಸಬೇಕು, ಆಮೇಲೆ ಊರು ಆರಿಸಬೇಕು. ಪಟ್ಟಿ ಇಳಿಯುತ್ತದೆ. ಮಾರ್ಟಳ್ಳಿ, ಮಿಣ್ಯಂ. ಮಿಣ್ಯಂ ಮೇಲೆ ಬಾಣ ತಂದು ಒತ್ತುವಷ್ಟರಲ್ಲಿ ಅದು ಪಕ್ಕದ ಹೆಸರಿಗೆ ಜಾರಿ ಅದೇ ಆಯ್ಕೆಯಾಗುತ್ತದೆ. ಅಕ್ಕ ಎರಡು ಸಲ ತಿದ್ದಿ ಕೈಬಿಟ್ಟಿದ್ದಾರೆ. "ತಪ್ಪು ಊರು ಹೋದ್ರ ಅರ್ಜಿ ವಾಪಸ್ ಬತ್ತದ ಕನಣ್ಣ. ಆ ಅವ್ವ ಮತ್ತ ಬರ್ಬೇಕಾಯ್ತದ. ನಾನು ಹ್ಯಾಂಗ ಒತ್ಲಿ?"

ಆ ಮಾತನ್ನು ಕೇಳಿದಾಗ ಅವರ ಮೇಲೆ ಗೌರವ ಹುಟ್ಟುತ್ತದೆ. ಹೇಗೋ ಒತ್ತಿ ಕಳಿಸಿ ದುಡ್ಡು ಎಣಿಸಿಕೊಳ್ಳಬಹುದಿತ್ತು.

ಅಣ್ಣ ಇಲ್ಲಿ ಮಾಡುವ ಮೊದಲ ಕೆಲಸ, ಮೌಸನ್ನೇ ಕಿತ್ತು ಪಕ್ಕಕ್ಕಿಡುವುದು. ಎಲ್ಲರೂ ಪರದೆ ನೋಡುತ್ತಾರೆ. ಮೌಸೇ ಇಲ್ಲದಿದ್ದರೂ ಬಾಣ ನಡುಗುತ್ತಿದೆ. ಕಂಪ್ಯೂಟರ್ ಲ್ಯಾಪ್‌ಟಾಪು, ಅದಕ್ಕೆ ತನ್ನದೇ ಟಚ್‌ಪ್ಯಾಡ್ ಇದೆ. ಈಗ ಅಣ್ಣ ಚಾರ್ಜರಿನ ವೈರು ಎಳೆಯುತ್ತಾನೆ. ಬಾಣ ಅಲ್ಲಾಡದೆ ನಿಲ್ಲುತ್ತದೆ.

"ಇದರ ಮೈ ಮುಟ್ಟಿದ್ರ ಜುಮ್ ಅಂತದಾ?"

"ಅಂತದ ಅಣ್ಣ. ಬರಿಗಾಲಲ್ಲಿದ್ರ ಜಾಸ್ತಿ."

ವೈರು ಮತ್ತೆ ಸಿಕ್ಕಿಸಿ, ಟೆಸ್ಟರ್ ತೆಗೆದು ಲ್ಯಾಪ್‌ಟಾಪಿನ ಅಡಿಯ ಸ್ಕ್ರೂಗೆ ತಾಗಿಸುತ್ತಾನೆ. ನಿಯಾನ್ ದೀಪ ಮಂಕಾಗಿ ಹೊತ್ತುತ್ತದೆ. ಚಾರ್ಜರಿನ ಪ್ಲಗ್ಗಿಗೆ ಮೂರು ಪಿನ್ ಇದೆ, ಆದರೆ ಅದು ಹೋಗಿರುವುದು ಎರಡು ಪಿನ್ನಿನ ಅಡಾಪ್ಟರಿಗೆ. ಅಡಾಪ್ಟರ್ ತೆಗೆದು ಗೋಡೆಯ ಸಾಕೆಟ್ಟಿಗೆ ನೇರ ಹಾಕಿ ನೋಡಿದರೂ ವ್ಯತ್ಯಾಸವಿಲ್ಲ, ಏಕೆಂದರೆ ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ ಅರ್ಥಿಂಗ್ ವೈರೇ ಬಂದಿಲ್ಲ. ಚಾರ್ಜರಿನೊಳಗೆ ಗದ್ದಲ ಸೋಸಲು ಇಟ್ಟಿರುವ ಪುಟ್ಟ ಕೆಪಾಸಿಟರ್‌ಗಳಿಂದ ಬಹಳ ಸಣ್ಣ ಕರೆಂಟು ಸೋರುತ್ತದೆ. ಅದು ಭೂಮಿಗೆ ಇಳಿಯಬೇಕು. ದಾರಿ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮೈಯಲ್ಲೇ ನಿಲ್ಲುತ್ತದೆ. ಟಚ್‌ಪ್ಯಾಡ್ ಬೆರಳನ್ನು ಗುರುತಿಸುವುದು ವಿದ್ಯುತ್ತಿನ ಅತಿ ಸಣ್ಣ ಏರಿಳಿತದಿಂದ. ಮೈಯೆಲ್ಲ ಹೀಗೆ ಏರಿಳಿಯುತ್ತಿದ್ದರೆ ಇಲ್ಲದ ಬೆರಳೂ ಅದಕ್ಕೆ ಇದ್ದಂತೆ ಕಾಣುತ್ತದೆ.

ಈ ಹೊತ್ತಿನ ಮದ್ದು ಸುಲಭ. ಸೆಟ್ಟಿಂಗ್ಸ್‌ನಲ್ಲಿ, ಮೌಸ್ ಸಿಕ್ಕಿಸಿದಾಗ ಟಚ್‌ಪ್ಯಾಡ್ ಕೆಲಸ ಮಾಡಬಾರದು ಎಂದು ಗುರುತು ಹಾಕುತ್ತಾನೆ. ಮೌಸನ್ನು ಮತ್ತೆ ಸಿಕ್ಕಿಸುತ್ತಾನೆ. ಅಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಹೋಬಳಿ ಆಯಿತು. ಪಟ್ಟಿ ಇಳಿಯಿತು. ಮಿಣ್ಯಂ. ಒತ್ತಿದರು, ಹೆಸರು ಹಾಗೆಯೇ ನಿಂತಿತು. ಮಗಳು ಹಿಂದಿನಿಂದ ಬಗ್ಗಿ ತನ್ನ ಹೆಸರಿನ ಅಕ್ಷರ ಸರಿ ಇದೆಯೇ ಎಂದು ಓದುತ್ತಾಳೆ, ಒಂದು ಒತ್ತಕ್ಷರ ತಿದ್ದಿಸುತ್ತಾಳೆ. ಅರ್ಜಿ ಹೋಗುತ್ತದೆ, ಪ್ರಿಂಟರಿನಿಂದ ಸ್ವೀಕೃತಿ ಚೀಟಿ ಬರುತ್ತದೆ.

"ಇದರಲ್ಲಿರೋ ನಂಬರ್ ಜೋಪಾನ ಕನವ್ವ. ಫೋನಿಗೆ ಮೆಸೇಜು ಬತ್ತದ," ಎಂದು ಅಕ್ಕ ಚೀಟಿ ಕೊಟ್ಟು, "ಬಸ್ಸಿಗಿನ್ನೂ ಹೊತ್ತದ, ಓಡ್ಬ್ಯಾಡಿ. ಮುಂದಿನೋರು ಯಾರು, ಬನ್ನಿ," ಎನ್ನುತ್ತಾರೆ.

ಅಣ್ಣನಿಗೆ ಇನ್ನೂ ಕೆಲಸ ಮುಗಿದಿಲ್ಲ. ಹೊರಗೆ ಬಂದು ಕಟ್ಟಡದ ಮಾಲೀಕರನ್ನು ಕರೆಸಿ ಮೀಟರ್ ಬೋರ್ಡಿನ ಹತ್ತಿರ ನಿಲ್ಲಿಸಿಕೊಂಡಿದ್ದಾನೆ. ಗುಂಡಿ ತೋಡಿಸಬೇಕು, ಪೈಪು ಇಳಿಸಬೇಕು, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಬೇಕು, ಬೇಸಿಗೆಯಲ್ಲಿ ಆಗಾಗ ನೀರು ಬಿಡಬೇಕು.

"ಒಂದು ಮೌಸಿಗೋಸ್ಕರ ಗುಂಡಿ ತೋಡ್ಬೇಕೇನಪ್ಪಾ?"

"ಮೌಸಿಗಲ್ಲ ಯಜಮಾನ್ರೆ. ಇವತ್ತು ಜುಮ್ ಅನ್ನೋದು ಲ್ಯಾಪ್‌ಟಾಪು. ನಾಳ ಫ್ರಿಜ್ಜೋ ಗ್ರೈಂಡರ್ರೋ ಕೆಟ್ಟು ಅದರ ಮೈಗೆ ಕರೆಂಟು ಬಂದ್ರ, ಮುಟ್ಟಿದೋರ ಗತಿ ಏನು? ಮೇಲ್ಗಡೆ ಮನೇಲಿ ನಿಮ್ಮ ಮೊಮ್ಮಕ್ಕಳವ್ರ."

ಮಾಲೀಕರು ಗೋಡೆಯ ಬುಡ ನೋಡುತ್ತಾರೆ. "ಜಾಗ ಎಲ್ಲದ?"

"ಚರಂಡಿಗೂ ಗೋಡೆಗೂ ನಡುವೆ ಮೂರಡಿ ಅದಲ್ಲ," ಎನ್ನುತ್ತಾ ಅಣ್ಣ ಚಪ್ಪಲಿಯ ತುದಿಯಿಂದ ನೆಲದ ಮೇಲೆ ಚೌಕ ಗೀರುತ್ತಾನೆ. "ಇಲ್ಲೇ ತೋಡ್ಸಿ. ಭಾನುವಾರ ಎಲೆಕ್ಟ್ರಿಷಿಯನ್ ಕರ್ಕೊಂಡು ಬತ್ತಿನಿ."